ಬರುವ ಮುಂಚೆ ಮಾಡಿದ ಫೋನು

ನನ್ನ ತಂಗಿಗೆ ನೋವು ಕಡಿಮೆಯಾಗಿರಲಿಲ್ಲ. ಕೇಳಲು ಬಂದವರ ಕಣ್ಣಿಗೆ ಬೀಳದಂತೆ ಮನೆಯವರು ಮಾಡಿದ್ದರು, ಅಷ್ಟೇ.

ಗರ್ಭಕೋಶದ ಕ್ಯಾನ್ಸರ್. ವಾಸಿಯಾಗುವುದಿಲ್ಲ, ನೋವಾದರೂ ತಡೆಯೋಣ ಎಂದು ಆಸ್ಪತ್ರೆಯವರು ಗುಳಿಗೆ ಕೊಟ್ಟು ತೆಲಿಗಿಯಲ್ಲಿದ್ದ ಅವಳ ಮಗನ ಮನೆಗೆ ಕಳಿಸಿದ್ದರು. ನೋವು ಬರಲಿ ಎಂದು ಕಾಯದೆ ಹೊತ್ತು ಹೊತ್ತಿಗೆ ನುಂಗಿಸಿ ಎಂದು ಹೇಳಿಯೂ ಇದ್ದರು. ಮನೆಯಲ್ಲಿ ಮಲಗಿದವರಿಗೆ ಈ ಗುಳಿಗೆಯಿಂದ ಎಷ್ಟು ಉಪಯೋಗ ಎಂದು ತಿಳಿಯಲು ಹರಪನಹಳ್ಳಿಯಿಂದ ಒಬ್ಬ ಹುಡುಗಿ ಬರುತ್ತಿದ್ದಳು. ಒಳ್ಳೆಯವಳೇ. ಹಿಂದಿನ ದಿನ ಫೋನ್ ಮಾಡಿಯೇ ಬರುವಳು. ಆ ಫೋನೇ ಎಲ್ಲ ಕೆಡಿಸಿತು.

ನಾನು ಕೊಟ್ಟೂರಿನಿಂದ ಹೋದ ದಿನವೂ ಅವಳು ಬರುವವಳಿದ್ದಳು. ತಂಗಿಯ ಸೊಸೆ ಅವಳ ಮೈ ಒರೆಸಿ, ತಲೆ ಬಾಚಿ, ಹೊಸ ಸೀರೆ ಉಡಿಸಿ, ಗುಳಿಗೆ ನುಂಗಿಸಿ ಗೋಡೆಗೆ ಒರಗಿಸಿ ಕೂರಿಸಿದಳು.

"ನೋವು ಹೆಂಗೈತಿ ಅಜ್ಜಿ?" ಹುಡುಗಿ ಕೇಳಿದಳು.

"ಆರಾಮ ಅದಾಳ್ರಿ," ಎಂದ ಮಗ.

"ಅವ್ರೇ ಹೇಳ್ಲಿ ಅಣ್ಣಾ."

ತಂಗಿ ನಕ್ಕಳು. "ಆರಾಮ ಅದೀನವ್ವ. ಮೊದ್ಲು ಚಾ ಕುಡಿ."

ಹುಡುಗಿ ಅದನ್ನೇ ಬರೆದುಕೊಂಡು ಹೋದಳು. ಸಂಜೆಗೆ ತಂಗಿ ಸೆರಗು ಬಾಯಿಗೆ ತುರುಕಿಕೊಂಡು ಹೊರಳಾಡತೊಡಗಿದಳು. ಗುಳಿಗೆ ತಾ ಎಂದೆ. ಸೊಸೆ ಡಬ್ಬಿ ತೆಗೆದಳು. ತುಂಬಿತ್ತು.

"ಇಷ್ಟ್ಯಾಕ ಉಳಿದಾವಲೇ?"

"ದಿನಾ ನುಂಗಿದ್ರ ಆಮ್ಯಾಲ ನಾಟಂಗಿಲ್ಲಂತ ದೊಡ್ಡತ್ತಿ. ಮತ್ತ ಆ ಹುಡುಗಿ ಬಂದಾಗ ಬೇಕಲ್ಲ."

"ಆಕಿ ನಿಮ್ಮತ್ತಿ ನೋವು ನೋಡಾಕ ಬರ್ತಾಳ, ನಿಮ್ಮನಿ ಮಾನ ನೋಡಾಕಲ್ಲ!"

"ಕೂಗಬ್ಯಾಡ ದೊಡ್ಡವ್ವ," ಎಂದ ಮಗ. "ನರಳಾದು ಕಂಡ್ರ, ತಾಯಿನ್ನ ನೋಡ್ಕೊಳ್ಳಂಗಿಲ್ಲ ಅಂತ ಬರ್ಕೊಂಡು ಹೋಗ್ತಾರ."

ಗುಳಿಗೆ ನುಂಗಿಸಿ ತಂಗಿಯನ್ನೂ ಬೈದೆ. "ನೀನ್ಯಾಕ ಆರಾಮ ಅಂದ್ಯಲೇ?"

"ಬಿಸಿಲಾಗ ಬಂದಿತ್ತು ಕೂಸು. ನೋವು ಅಂದಿದ್ರ ಚಾ ಕುಡೀತಿತ್ತೇನು?"

ಸಾಯುವವಳಿಗೆ ಬಂದವರ ಚಹಾದ ಚಿಂತೆ! ಹುಡುಗಿ ಇಂಥ ಎಷ್ಟೋ ಮನೆಗೆ ಹೋಗುತ್ತಾಳೆ. ಎಲ್ಲರೂ ಆರಾಮ ಎನ್ನುತ್ತಾರೆ. ಅದನ್ನು ನಂಬಿ ಎಲ್ಲೋ ಕುಳಿತ ದೊಡ್ಡವರು, ಕೊಟ್ಟಿದ್ದೇ ಸಾಕು ಎನ್ನುತ್ತಾರೆ. ಹೊರಳಾಡುವವರು ಹೊರಳಾಡುತ್ತಲೇ ಇರಬೇಕು.

ಮರುದಿನ ಬೆಳಿಗ್ಗೆ ಮಗನ ಫೋನಿನಿಂದಲೇ ಹುಡುಗಿಯ ಜೊತೆ ಮಾತಾಡಿದೆ. "ನಿನ್ನೆ ಬರ್ಕೊಂಡಿದ್ದು ಸುಳ್ಳು, ಹೊಡೆದುಹಾಕು. ಇನ್ನ ಫೋನ್ ಮಾಡಬ್ಯಾಡ, ಸುಮ್ನ ಬಾ."

"ಹೇಳದ ಬರಾಕ ನಮಗ ಅನುಮತಿ ಇಲ್ಲಜ್ಜಿ."

"ನಾ ಕೊಟ್ಟೀನಿ, ಬಾ," ಎಂದು ಫೋನ್ ಇಟ್ಟೆ. ಗುಳಿಗೆಯನ್ನೆಲ್ಲ ನನ್ನ ಎಲೆ ಅಡಿಕೆಯ ಸಂಚಿಗೆ ಹಾಕಿಕೊಂಡೆ. ತಂಗಿಗೆ ನೋವು ಏಳುವ ಮೊದಲೇ ಬೆಳಗಿನದನ್ನು ನುಂಗಿಸಿ, ಹೊಸ ಸೀರೆ ಬಿಚ್ಚಿ ಹಳೆಯದನ್ನು ಸುತ್ತಿದೆ.