ನಡು ಮೈದಾನದ ಕುರುಡಿಲಿ

ನಮ್ಮ ನೀಡರ್‌ಬ್ರುಖ್ ಊರಿನ ಫುಟ್‌ಬಾಲ್ ಮೈದಾನದಿಂದ ಏನನ್ನಾದರೂ ಓಡಿಸಬೇಕಾದರೆ ಜನ ನನ್ನನ್ನೇ ಕರೆಯಬೇಕು. ಕಾಗೆ, ಮೊಲ, ಎದುರು ಟೀಮಿನ ಬೆಂಬಲಿಗರು, ಒಮ್ಮೆ ತೆರಿಗೆ ಅಧಿಕಾರಿ, ಎಲ್ಲರನ್ನೂ ಬರೀ ಬಾಯಿಮಾತಿನಲ್ಲೇ ಓಡಿಸಿದವನು ನಾನು. ಮೂವತ್ತೊಂಬತ್ತು ವರ್ಷ ಕ್ಲಬ್‌ಮನೆಯಲ್ಲಿ ಬಿಯರ್ ಸುರಿಯುತ್ತಾ ನಿಂತು ಈ ವಿದ್ಯೆ ಕಲಿತಿದ್ದೇನೆ. ಓಡಿಸಲಾಗದ ಪ್ರಾಣಿಯನ್ನು ದೇವರು ಇನ್ನೂ ಹುಟ್ಟಿಸಿಲ್ಲ.

ಆದರೆ ಇದು ನನ್ನ ಕಥೆಯಲ್ಲ, ಗೊಟ್‌ಹಿಲ್ಫ್ ಶೆಂಪ್‌ನದು. ನಲವತ್ತೊಂದು ವರ್ಷದಿಂದ ಆ ಮೈದಾನದ ಹುಲ್ಲು ನೋಡಿಕೊಳ್ಳುವವನು ಅವನು. ಆಳು ಕಡ್ಡಿಯಂತೆ ತೆಳ್ಳಗೆ. ಒಂದು ಕಡೆ ನಿಲ್ಲುವುದು, ಕೂರುವುದು ಅವನ ಜಾತಕದಲ್ಲೇ ಇಲ್ಲ. ಕಾಲುಚೀಲದಲ್ಲಿ ಒಂದು ಅಳತೆಪಟ್ಟಿ ಸಿಕ್ಕಿಸಿಕೊಂಡಿರುತ್ತಾನೆ. ದಾರಿಯಲ್ಲಿ ಯಾರದೋ ಮನೆ ಮುಂದಿನ ಹುಲ್ಲು ಕಂಡರೂ ಬಗ್ಗಿ ಅಳೆದು, ತಲೆ ಆಡಿಸಿ, ಮುಂದೆ ಹೋಗುತ್ತಾನೆ. ತನ್ನ ಮದುವೆಯ ಊಟದ ನಡುವೆಯೇ ಎದ್ದು ಹೋಗಿ ಮೈದಾನದಲ್ಲಿ ನೀರು ಚಿಮ್ಮಿಸುವ ಕೊಳವೆಯನ್ನು ಆಚೆ ಸರಿಸಿ ಬಂದ ಮನುಷ್ಯ. ಅವನ ಹೆಂಡತಿ ರೋಸ್‌ವಿಥಾ ಹೇಳುವುದಿಷ್ಟು: "ಮೂವತ್ತೆಂಟು ವರ್ಷದ ಸಂಸಾರದಲ್ಲಿ ಇವರು ಸುಮ್ನೆ ಕೂತಿದ್ದು ಎರಡೇ ಸಲ ನೋಡಿದ್ದೀನಿ. ಎರಡೂ ಸಲ ಹಲ್ಲಿನ ಡಾಕ್ಟರ್ ಕುರ್ಚೀಲಿ."

ಇಷ್ಟು ಅಕ್ಕರೆಯಿಂದ ಸಾಕಿದ ಹುಲ್ಲಿನ ಮೇಲೆ ಆಡುತ್ತಿದ್ದವರು ಯಾರು? ನಮ್ಮ ಊರಿನ ಟೀಮು. ಒಂಬತ್ತನೇ ದರ್ಜೆ. ಹತ್ತನೆಯದು ಇಲ್ಲವಾದ್ದರಿಂದ ಒಂಬತ್ತನೆಯದು. ನಮ್ಮ ಗೋಲ್‌ಕೀಪರ್ ಚೆಂಡಿಗೆ ಹಾರಿದರೆ ಪಕ್ಕದ ಚರ್ಚಿನ ಗಂಟೆ ತಾನಾಗಿ ಒಂದು ಸಲ ಬಡಿಯುತ್ತದೆ, ಅಷ್ಟು ತೂಕ. ಭಾನುವಾರದ ಪಂದ್ಯ ಮುಗಿದರೆ ಮೈದಾನ ಆಲೂಗಡ್ಡೆ ಕಿತ್ತ ಹೊಲ. ಸೋಮವಾರ ಬೆಳಿಗ್ಗೆ ಗೊಟ್‌ಹಿಲ್ಫ್ ಮಂಡಿಯೂರಿ ಒಂದೊಂದೇ ಹುಲ್ಲುಗಡ್ಡೆಯನ್ನು ಮತ್ತೆ ಕೂರಿಸುತ್ತಿದ್ದ. ಒಮ್ಮೆಯಾದರೂ ನಿಜವಾಗಿ ಆಟ ಬಲ್ಲ ಕಾಲುಗಳು ತನ್ನ ಹುಲ್ಲಿನ ಮೇಲೆ ಓಡಬೇಕು, ಅದನ್ನು ನೋಡಿ ನಿವೃತ್ತನಾಗಬೇಕು. ಅವನಿಗಿದ್ದ ಆಸೆ ಇದೊಂದೇ.

ಆ ವರ್ಷ ಯುರೋಪಿನ ದೇಶಗಳ ಚಾಂಪಿಯನ್‌ಶಿಪ್ ನಮ್ಮ ಜರ್ಮನಿಯಲ್ಲಿ. ಪಂದ್ಯಗಳೆಲ್ಲ ದೊಡ್ಡ ಊರುಗಳಲ್ಲಿ, ಸರಿ. ಆದರೆ ಇಪ್ಪತ್ತನಾಲ್ಕು ದೇಶಗಳ ಟೀಮುಗಳೂ ಇಳಿದುಕೊಂಡು ಅಭ್ಯಾಸ ಮಾಡಲು ಒಂದೊಂದು ಸಣ್ಣ ಊರು ಹಿಡಿಯಬೇಕಲ್ಲ. ಉತ್ತರದ ಒಂದು ಪುಟ್ಟ ದೇಶ ನಮ್ಮನ್ನು ಆರಿಸಿತು. ಹೆಸರು ಹೇಳುವುದಿಲ್ಲ. ಅವರು ಒಳ್ಳೆಯ ಜನ, ಆಡಿದ್ದು ಮಾತ್ರ ಹೇಳಿಕೊಳ್ಳುವಂತಿರಲಿಲ್ಲ. ಅವರು ಕಳಿಸಿದ ಕಾಗದದಲ್ಲಿ ಹೀಗಿತ್ತು: ಹುಲ್ಲು ಇಪ್ಪತ್ತನಾಲ್ಕು ಮಿಲಿಮೀಟರ್, ದಿನಕ್ಕೆರಡು ಸಲ ನೀರು, ನೆಲ ಸಮತಟ್ಟು. ಇದರಲ್ಲಿ ಯಾವುದಾದರೂ ತಪ್ಪಿದರೆ ಟೀಮು ಪಕ್ಕದ ಓಬರ್‌ಬ್ರುಖ್‌ಗೆ ಹೋಗುತ್ತದೆ. ಓಬರ್‌ಬ್ರುಖ್ ಅಂದರೆ ನಮಗೆ ಹೊಟ್ಟೆಯಲ್ಲಿ ಕಲ್ಲು. ಅವರಾಗಲೇ ಚಾಪೆಯಂತೆ ಸುರುಳಿ ಸುತ್ತಿದ ಹುಲ್ಲು ತರಿಸಿ ಹಾಸಿಕೊಂಡು ಕಾದಿದ್ದರು.

ಟೀಮು ಬರುವುದು ಶನಿವಾರ, ತಪಾಸಣೆ ಗುರುವಾರ. ಸೋಮವಾರ ಬೆಳಿಗ್ಗೆ ಪೆನಾಲ್ಟಿ ಚೌಕದಲ್ಲಿ ಒಂದು ಮಣ್ಣಿನ ಗುಡ್ಡೆ ಎದ್ದಿತ್ತು.

ಮೋಲ್. ನೆಲದಡಿ ಸುರಂಗ ತೋಡಿ ಎರೆಹುಳ ತಿಂದು ಬದುಕುವ, ಕರಿ ಮಖಮಲ್ಲಿನಂಥ ಕುರುಡಿಲಿ. ನಮ್ಮ ದೇಶದಲ್ಲಿ ಮಂತ್ರಿಯನ್ನು ಕುರ್ಚಿಯಿಂದ ಇಳಿಸಬಹುದು, ಕುರುಡಿಲಿಯನ್ನು ಮಾತ್ರ ಮುಟ್ಟುವಂತಿಲ್ಲ. ಕೊಲ್ಲುವುದಿರಲಿ, ಹಿಡಿಯುವುದೂ ಅಪರಾಧ. ನಾವು ಕಾನೂನು ಪಾಲಿಸುವ ಜನ. ಹಾಗಾಗಿ ಅದಕ್ಕೆ ಬೇಜಾರಾಗುವಂತೆ ಮಾಡಿ, ತಾನಾಗಿ ಹೋಗಲಿ ಎಂದು ಕಾಯುವುದೊಂದೇ ದಾರಿ.

ಗೊಟ್‌ಹಿಲ್ಫ್ ಬಿಲಕ್ಕೆ ಮಜ್ಜಿಗೆ ಸುರಿದ. ಬೆಳ್ಳುಳ್ಳಿ ತುರುಕಿದ. ಗಾಳಿಗೆ ಗುಂಯ್‌ಗುಡಲಿ ಎಂದು ಖಾಲಿ ಬಾಟಲಿಗಳನ್ನು ಕುತ್ತಿಗೆಯವರೆಗೆ ಹೂತ. ಮಂಗಳವಾರ ಗುಡ್ಡೆ ಮೂರಾದವು. ಮೈದಾನದ ಗೆರೆ ಹಿಡಿದು ಅವನು ಎಷ್ಟು ಸುತ್ತಿದನೆಂದರೆ, ಆ ನಡಿಗೆಯನ್ನು ನೆಟ್ಟಗೆ ನಡೆದಿದ್ದರೆ ರೋಮ್ ಮುಟ್ಟಿ, ಪೋಪರಿಗೆ ಕೈಮುಗಿದು, ಬುಧವಾರ ತಿಂಡಿಯ ಹೊತ್ತಿಗೆ ವಾಪಸ್ಸಾಗಬಹುದಿತ್ತು. ನಡುನಡುವೆ ನೆಲಕ್ಕೆ ಕಿವಿಯಿಟ್ಟು ಮಲಗುತ್ತಿದ್ದ.

"ಏನಂತೆ ಒಳಗೆ?" ಎಂದೆ.

"ಅಗೀತಿದೆ."

"ಲೇ ಮಾರಾಯ, ಇದನ್ನ ನನಗೆ ಬಿಡು. ಊರಿನ ಬ್ಯಾಂಡ್ ಕರೆಸ್ತೀನಿ. ಕುರುಡಿಲಿಗೆ ನೆಲ ಅದುರಿದ್ರೆ ಆಗಲ್ಲ. ಮೂವತ್ತನಾಲ್ಕು ಜನ ತುತ್ತೂರಿ ಊದ್ಕೊಂಡು ಕಾಲು ಬಡಿದ್ರೆ ಅದು ಓಬರ್‌ಬ್ರುಖ್‌ಗೆ ಹೋಗಿ ಮನೆ ಮಾಡುತ್ತೆ."

"ಮೂವತ್ತನಾಲ್ಕು ಜೊತೆ ಬೂಟು, ನನ್ನ ಹುಲ್ಲಿನ ಮೇಲೆ?"

"ಹುಲ್ಲು ಮುಖ್ಯವೋ ಟೀಮು ಮುಖ್ಯವೋ?"

ಅವನು ಮತ್ತೆ ನೆಲಕ್ಕೆ ಕಿವಿಯಿಟ್ಟ. ಅದನ್ನೇ ಒಪ್ಪಿಗೆ ಎಂದುಕೊಂಡೆ.

ಬುಧವಾರ ಮಧ್ಯಾಹ್ನ ಬ್ಯಾಂಡ್ ಬಂತು. ಮುಂದಾಳು ನಾನು. ಡೋಲಿನ ಏಟಿಗೆ ಮೂರು ಊರಾಚೆ ಹಸುಗಳು ಕರೆಯದೆಯೇ ಬೆಣ್ಣೆ ಕೊಟ್ಟವಂತೆ. ಆದರೆ ನಮ್ಮ ಬ್ಯಾಂಡಿಗೆ ಬರುವುದು ಒಂದೇ ನಡಿಗೆ. ನೂರು ವರ್ಷದಿಂದ ಊರಿನ ಪ್ರತಿ ಉತ್ಸವದಲ್ಲೂ ಅವರು ಮೈದಾನದ ಅಂಚಿನಿಂದ ಶುರುಮಾಡಿ, ಸುತ್ತು ಹಾಕುತ್ತಾ ಒಳಗೊಳಗೆ ಬಂದು, ಕೊನೆಗೆ ನಡುವಿನ ವೃತ್ತದ ಸುತ್ತ ನಿಂತು ರಾಗ ಮುಗಿಸುತ್ತಾರೆ. ಅಂದೂ ಹಾಗೆಯೇ ಮಾಡಿದರು. ನಾನು ಹೆಮ್ಮೆಯಿಂದ ಕೋಲು ಬೀಸುತ್ತಿದ್ದೆ. ನಾಲ್ಕೂ ಕಡೆಯಿಂದ ನೆಲ ಅದುರುತ್ತಾ ಒಳಗೆ ಬಂದರೆ ಒಳಗಿರುವ ಪ್ರಾಣಿ ಎಲ್ಲಿಗೆ ಹೋಗಬೇಕೆಂದು ಮುಂದಾಳು ಯೋಚಿಸಲಿಲ್ಲ.

ಗುರುವಾರ ಬೆಳಿಗ್ಗೆ ಪೆನಾಲ್ಟಿ ಚೌಕದಲ್ಲಿ ಹೊಸ ಗುಡ್ಡೆ ಇರಲಿಲ್ಲ. ನಡು ವೃತ್ತದಲ್ಲಿ ಆರಿದ್ದವು.

ಗೊಟ್‌ಹಿಲ್ಫ್ ನನ್ನನ್ನು ನೋಡಿದ. ನಾನು ಆಕಾಶ ನೋಡಿದೆ.

ಕ್ಲಬ್ಬಿನ ಅಧ್ಯಕ್ಷ ಎಗ್ಲೋಫ್ ದೊಡ್ಡ ಸ್ವಾಗತ ಬ್ಯಾನರ್ ಹೊತ್ತು ಓಡಿಬಂದ. "ಇದನ್ನ ನಡುವೆ ಹಾಸಿಬಿಡೋಣ. ಸ್ವಾಗತ ಅಂತ ಬರೆದಿದೆ, ಅದರ ಮೇಲೆ ಯಾರು ಕಾಲಿಡ್ತಾರೆ?"

"ಬೇಡ ಅಧ್ಯಕ್ಷರೇ," ಎಂದ ಗೊಟ್‌ಹಿಲ್ಫ್. "ಗುಂಡಿಗೆ ಕಾಲು ಸಿಕ್ಕಿ ಒಬ್ಬ ಪಾದ ಮುರ್ಕೊಂಡ್ರೆ ಅವನ ಚಾಂಪಿಯನ್‌ಶಿಪ್ಪೇ ಮುಗೀತು. ನನ್ನ ಹುಲ್ಲಿನ ಮೇಲೆ ಹಾಗಾಗಬಾರದು."

"ಟೀಮು ಹೋಗುತ್ತಲ್ಲಪ್ಪ."

"ಹೋಗಲಿ." ಹೀಗೆ ಹೇಳುತ್ತಾ ಅವನು ಅಳತೆಪಟ್ಟಿಯನ್ನು ಕಾಲುಚೀಲದೊಳಕ್ಕೆ ಇನ್ನಷ್ಟು ತುರುಕಿದ.

ಹತ್ತು ಗಂಟೆಗೆ ಆ ದೇಶದ ಹುಲ್ಲುತಜ್ಞೆ ಟೂರಿಡ್ ಎಂಬ ಹೆಂಗಸು ಬಂದಳು. ಎಗ್ಲೋಫ್ ಬಾಯಿ ತೆರೆಯುವ ಮೊದಲೇ ಗೊಟ್‌ಹಿಲ್ಫ್ ಅವಳನ್ನು ನೇರ ನಡುವೃತ್ತಕ್ಕೆ ಕರೆದುಕೊಂಡು ಹೋಗಿ ಆರೂ ಗುಡ್ಡೆ ತೋರಿಸಿದ. ಅವಳು ಮಂಡಿಯೂರಿ ಒಂದು ಹಿಡಿ ಮಣ್ಣು ತೆಗೆದು ಬೆರಳಲ್ಲಿ ಪುಡಿಮಾಡಿ ನೋಡಿದಳು. ಗೊಟ್‌ಹಿಲ್ಫನೂ ಮಂಡಿಯೂರಿದ. ಇಬ್ಬರೂ ಆ ಮಣ್ಣನ್ನು ಮೂಸಿದರು. ನನಗೆ ಚರ್ಚಿನಲ್ಲಿರುವಂತೆ ಅನ್ನಿಸಿ ಟೋಪಿ ತೆಗೆದೆ.

"ಒಳ್ಳೆ ಮಣ್ಣು," ಎಂದಳು.

"ಅದೇ ತೊಂದರೆ ಮೇಡಂ. ದಿನಕ್ಕೆರಡು ಸಲ ನೀರು ಅಂತ ನೀವು ಬರೆದ್ರಿ. ನೀರಿಗೆ ಎರೆಹುಳ ಮೇಲಕ್ಕೆ ಬಂತು. ಹುಳದ ಹಿಂದೆ ಇವನು ಬಂದ. ನೀರು ನಿಲ್ಲಿಸಿ ಬೇಲಿಯಾಚೆ ಗೋಮಾಳಕ್ಕೆ ಬಿಡ್ತೀನಿ. ಹುಳ ಸಿಗದೆ ಹೋದ್ರೆ ಅವನೇ ಗಂಟುಮೂಟೆ ಕಟ್ತಾನೆ."

"ಈ ಬಿಸಿಲಲ್ಲಿ ಹುಲ್ಲು ಒಣಗಲ್ವಾ?"

"ಎರಡು ದಿನ ತಡೆಯುತ್ತೆ. ಮೂರನೇ ದಿನ ತಡೆಯಲ್ಲ."

"ಶನಿವಾರ ಮಧ್ಯಾಹ್ನ ಬರ್ತೀನಿ. ಒಂದು ಹೊಸ ಗುಡ್ಡೆ ಇದ್ರೂ ಓಬರ್‌ಬ್ರುಖ್."

ಆ ಎರಡು ದಿನ ನಾನು ನೋಡಿದ್ದನ್ನು ಹೇಳಿದರೆ, ಸುಳ್ಳು ಹೇಳುವ ನನ್ನ ಖ್ಯಾತಿಯಿಂದಾಗಿ ಯಾರೂ ನಂಬುವುದಿಲ್ಲ. ಗೊಟ್‌ಹಿಲ್ಫ್ ಕೂತ. ನೆಲದ ಮೇಲೆ ಕಾಲಸಪ್ಪಳ ಆಗಬಾರದು, ಕುರುಡಿಲಿ ಹೆದರಿ ಅಡ್ಡಾದಿಡ್ಡಿ ಅಗೆಯಬಾರದು ಎಂದು ಅಂಚಿನ ಬೆಂಚಿನಲ್ಲಿ ಕೂತೇ ಇದ್ದ. ಕೈ ತೊಡೆಯಡಿ ಸಿಕ್ಕಿಸಿಕೊಂಡಿದ್ದ. ಕಣ್ಣೆದುರೇ ಹುಲ್ಲಿನ ತುದಿ ಹಳದಿಗೆ ತಿರುಗುತ್ತಿತ್ತು. ನಲ್ಲಿ ಐದು ಹೆಜ್ಜೆ ದೂರ. ರೋಸ್‌ವಿಥಾ ಮಾಂಸದ ಕಡುಬು ಹಾಕಿದ ಸಾರು ತಂದಳು.

"ಏನ್ರೀ, ಒಂದು ತುತ್ತಾದ್ರೂ."

"ಅದು ಬಾಯಾರ್ಕೊಂಡಿದೆ ಕಣೇ."

"ಯಾರು, ಇಲೀನಾ?"

"ಹುಲ್ಲು."

ಅವಳು ಪಾತ್ರೆ ಕೆಳಗಿಟ್ಟು ಪಕ್ಕದಲ್ಲೇ ಕೂತಳು. ಎದ್ದುಹೋಗದಂತೆ ಅವನ ಕೋಟಿನ ತುದಿ ಹಿಡಿದುಕೊಂಡಿದ್ದಳು.

ಶನಿವಾರ ಬೆಳಿಗ್ಗೆ ಮೈದಾನದಲ್ಲಿ ಹೊಸ ಗುಡ್ಡೆ ಇರಲಿಲ್ಲ. ಮಧ್ಯಾಹ್ನ ಟೂರಿಡ್ ಬಂದಳು, ಸುರಂಗಗಳನ್ನು ತುಳಿದು ಮುಚ್ಚಿಸಿದಳು, ಹಳದಿ ತುದಿಗಳನ್ನು ಸವರಿ, "ನೀರು ಬಿಡಿ" ಎಂದಳು. ಗೊಟ್‌ಹಿಲ್ಫ್ ನಲ್ಲಿಗೆ ಓಡಿದ ವೇಗ ಆ ಚಾಂಪಿಯನ್‌ಶಿಪ್ಪಿನಲ್ಲಿ ಯಾವ ಆಟಗಾರನಿಗೂ ಬರಲಿಲ್ಲ.

ಟೀಮು ಹನ್ನೆರಡು ದಿನ ನಮ್ಮಲ್ಲಿ ಅಭ್ಯಾಸ ಮಾಡಿತು. ಅವರ ಕಾಲು ನೆಲಕ್ಕೆ ತಾಗುತ್ತಿತ್ತೋ ಇಲ್ಲವೋ, ಹುಲ್ಲು ಬಾಗಿ ಮತ್ತೆ ಏಳುತ್ತಿತ್ತು. ಗೊಟ್‌ಹಿಲ್ಫ್ ಗೆರೆಯಾಚೆ ಅವರ ಜೊತೆಜೊತೆಗೇ ಓಡಾಡಿದ. ಆಮೇಲೆ ಅವರು ಮೂರು ಪಂದ್ಯ ಆಡಿ, ಒಂದು ಗೋಲು ಹೊಡೆದು, ಮನೆಗೆ ಹೋದರು. ಆ ಗೋಲು ಬಿದ್ದಾಗ ಕ್ಲಬ್‌ಮನೆಯ ಟಿವಿ ಮುಂದೆ ಇಡೀ ಊರು ಕುಣಿಯಿತು. ಗೊಟ್‌ಹಿಲ್ಫ್ ಪರದೆಗೆ ಮೂಗು ತಾಗಿಸಿ, "ಅಲ್ಲಿ ಹುಲ್ಲು ಎರಡು ಮಿಲಿಮೀಟರ್ ಜಾಸ್ತಿ ಇದೆ" ಎಂದ.

ಅವನ ನಿವೃತ್ತಿಯ ದಿನ ನಾನೇ ಭಾಷಣ ಮಾಡಿದೆ. ನಿಜ ಹೇಳಬೇಕೆಂದರೆ ಆ ಕುರುಡಿಲಿಯನ್ನು ಓಡಿಸಿದ್ದು ನನ್ನ ಬ್ಯಾಂಡೇ, ಹೆದರಿಕೆ ತಟ್ಟುವುದು ಎರಡು ದಿನ ತಡವಾಯಿತು ಅಷ್ಟೇ ಎಂದು ವಿವರಿಸಿದೆ. ಆಗಲೇ ಎಗ್ಲೋಫ್ ಕಿಟಕಿಯಾಚೆ ಕೈ ತೋರಿಸಿದ. ಗೋಮಾಳಕ್ಕೆ ಅಂಟಿಕೊಂಡಿದ್ದ ನನ್ನ ಹಿತ್ತಲಲ್ಲಿ ಸಾಲಾಗಿ ಹನ್ನೊಂದು ಗುಡ್ಡೆ. ಜನ ಗ್ಲಾಸು ಕುಟ್ಟಿ ನಕ್ಕರು.

"ಇಡೀ ಊರು ಬಿಟ್ಟು ನನ್ನ ಹಿತ್ತಲೇ ಯಾಕೆ ಬೇಕಿತ್ತು ಅದಕ್ಕೆ?" ಎಂದೆ.

ಗೊಟ್‌ಹಿಲ್ಫ್ ಬಾಗಿಲ ಕಡೆ ಹೆಜ್ಜೆ ಹಾಕುತ್ತಲೇ ಹೇಳಿದ: "ನೆಲ ಅದುರದ ಜಾಗ ಹುಡುಕ್ಕೊಂಡಿದೆ ಕಣೋ. ಅಲ್ಲಿ ಯಾರಾದ್ರೂ ಒಂದು ದಿನ ಕೆಲಸ ಮಾಡಿದ್ದಿದ್ರೆ ಅದು ಬರ್ತಾನೇ ಇರ್ಲಿಲ್ಲ."