ಅಜ್ಜಿಯ ಫೋಟೋದ ವಿರುದ್ಧ ನನ್ನ ವಾದ

ನಮ್ಮಜ್ಜಿಯ ತಾತ ಕೋಲಾರದ ಚಿನ್ನದ ಗಣಿಯಲ್ಲಿ ಬಂಡೆ ಕೊರೆಯುತ್ತಿದ್ದವರು. ವಿಕ್ಟೋರಿಯಾ ರಾಣಿಯ ಕೊನೆಗಾಲದಲ್ಲಿ ತೆಗೆದ ಅವರದೊಂದು ಫೋಟೋ ಅಮೆರಿಕದ ಸನ್ನಿವೇಲ್ ಊರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿದೆ: ನಾಲ್ಕು ಜನ, ಕೈಯಲ್ಲಿ ಸುತ್ತಿಗೆ, ಉದ್ದನೆಯ ಉಳಿ, ಟೋಪಿಗೆ ಜೇಡಿಮಣ್ಣಿನಿಂದ ಅಂಟಿಸಿದ ಮೇಣದಬತ್ತಿ. ನೆಲದೊಳಗೇ ತೆಗೆದದ್ದು ಎಂದು ಅಜ್ಜಿ ಹೇಳುತ್ತಿದ್ದರು. ಸುಳ್ಳು ಎಂದು ನಾನು ಹೇಳುತ್ತಿದ್ದೆ. ಹೈಸ್ಕೂಲಿನಲ್ಲಿ ಡಿಬೇಟ್ ಟೀಮು ಸೇರಿದ ಮೇಲಂತೂ ಅದೇ ನನ್ನ ನೆಚ್ಚಿನ ವಾದ. ಮೇಣದಬತ್ತಿಯ ಬೆಳಕಿಗೆ ಆ ಕಾಲದ ಕ್ಯಾಮೆರಾದಲ್ಲಿ ಇಷ್ಟು ಸ್ಪಷ್ಟ ಚಿತ್ರ ಬರಲು ಸಾಧ್ಯವೇ ಇಲ್ಲ. ಯಾವುದೋ ಬಂಡೆಯ ಮುಂದೆ ಬಿಸಿಲಲ್ಲಿ ನಿಲ್ಲಿಸಿ ತೆಗೆದಿದ್ದಾರೆ. ಮನೆಗೆ ಬಂದವರ ಎದುರೆಲ್ಲ ಗೆದ್ದಿದ್ದೆ.

ಹೋದ ವರ್ಷ ಇಲ್ಲಿಯ ಕನ್ನಡದವರು ಸೇರಿ ಮನೆಮನೆಯ ಹಳೆಯ ಫೋಟೋಗಳ ಪ್ರದರ್ಶನ ಇಟ್ಟರು. ಅಜ್ಜಿ ತಮ್ಮದನ್ನು ಕೊಟ್ಟು, 'ಗಣಿಯೊಳಗೆ ತೆಗೆದದ್ದು' ಎಂದು ಬರೆಯಲು ಹೇಳಿದ್ದರು. ಪ್ರದರ್ಶನದ ದಿನ ಬೆಳಿಗ್ಗೆ ಸಭಾಂಗಣಕ್ಕೆ ಹೋಗಿ ನೋಡಿದರೆ ಫೋಟೋದ ಕೆಳಗಿನ ಚೀಟಿಯಲ್ಲಿ ಬೇರೆಯೇ ಇತ್ತು: 'ಗಣಿಯ ಹೊರಗೆ ತೆಗೆದಿರಬಹುದು'.

"ಇದ್ಯಾರಪ್ಪ ಬರ್ದಿದ್ದು?" ಎಂದರು ಅಜ್ಜಿ.

ಪ್ರದರ್ಶನದ ಉಸ್ತುವಾರಿ ಹೊತ್ತಿದ್ದ ಅಂಕಲ್ ನನ್ನ ಕಡೆ ಕೈ ತೋರಿಸಿದರು. "ನಿಮ್ಮ ಮೊಮ್ಮಗಳೇ ಅವತ್ತು ನಿಮ್ಮನೇಲಿ ಪ್ರೂವ್ ಮಾಡಿದ್ಲಲ್ಲಮ್ಮ. ಗೊತ್ತಿದ್ದೂ ಸುಳ್ಳು ಬರ್ಯೋಕಾಗುತ್ತಾ?"

ಅಜ್ಜಿ ನನ್ನನ್ನು ಬೈಯಲಿಲ್ಲ. "ನಮ್ ತಾತ ಸುಳ್ಳು ಹೇಳೋರಲ್ಲ," ಎಂದಷ್ಟೇ ಹೇಳಿ ಕುರ್ಚಿಯಲ್ಲಿ ಕೂತರು. ಜನ ಬರಲು ಇನ್ನೊಂದು ಗಂಟೆ ಇತ್ತು.

ಡಿಬೇಟಿನಲ್ಲಿ ಒಂದು ಪದ್ಧತಿಯಿದೆ. ನಾಣ್ಯ ಚಿಮ್ಮಿದಾಗ ಯಾವ ಪಕ್ಷ ಬಂದರೂ ಅದನ್ನೇ ಸಮರ್ಥಿಸಬೇಕು. ಬೆಳಿಗ್ಗೆ ಹೌದು ಎಂದವರು ಮಧ್ಯಾಹ್ನ ಅಲ್ಲ ಎನ್ನಬೇಕು. ಈ ಫೋಟೋದ ವಿಷಯದಲ್ಲಿ ಮಾತ್ರ ನಾನು ಒಮ್ಮೆಯೂ ಪಕ್ಷ ಬದಲಿಸಿರಲಿಲ್ಲ. ಇದ್ದ ಒಬ್ಬರೇ ಸಾಕ್ಷಿಯಾದ ಅಜ್ಜಿಗೆ ಒಂದು ಪ್ರಶ್ನೆಯನ್ನೂ ಹಾಕಿರಲಿಲ್ಲ.

"ಅಜ್ಜಿ, ಬೆಳಕು ಎಲ್ಲಿಂದ ಬಂತಂತೆ?"

"ಈಗ ಕೇಳ್ತೀಯಾ! ಫೋಟೋ ತೆಗೆಯೋಕೆ ಬಂದಿದ್ದ ಬಿಳೀ ದೊರೆ ಎರಡೂ ಕಡೆ ಏನೋ ತಂತಿ ಹಚ್ಚಿಸಿದ್ನಂತೆ. ಬಿಳೀ ಬೆಂಕಿ. ಆಮೇಲೆ ಆ ಹೊಗೆಗೆ ಎಲ್ಲರೂ ಕೆಮ್ಮಿದ್ದೇ ಕೆಮ್ಮಿದ್ದು."

ಮೆಗ್ನೀಸಿಯಂ! ಫೋನಿನಲ್ಲಿ ಹುಡುಕಿದೆ. ಆ ಕಾಲದ ಫೋಟೋಗ್ರಾಫರುಗಳು ಕತ್ತಲಲ್ಲಿ ಮೆಗ್ನೀಸಿಯಂ ತಂತಿ ಉರಿಸುತ್ತಿದ್ದುದು ನಿಜ. ಆದರೆ ಎಲ್ಲೋ ಉರಿಸುತ್ತಿದ್ದರು ಎಂದ ಮಾತ್ರಕ್ಕೆ ಇಲ್ಲೂ ಉರಿಸಿದ್ದರು ಎಂದಾಗುವುದಿಲ್ಲ. ನಾನೇ ಎದುರಾಳಿಯಾಗಿದ್ದರೆ ಅಲ್ಲೇ ಹಿಡಿಯುತ್ತಿದ್ದೆ. ಫೋಟೋಗೆ ಮೂಗು ತಾಗಿಸಿ ನೋಡಿದೆ. ಹಿಂದಿನ ಬಂಡೆಯ ಮೇಲೆ ಪ್ರತಿಯೊಬ್ಬರಿಗೂ ಎರಡೆರಡು ನೆರಳು, ಒಂದು ಎಡಕ್ಕೆ, ಒಂದು ಬಲಕ್ಕೆ. ಟೋಪಿಗಳ ನೆರಳು ಮೇಲೇರಿ ಕಲ್ಲಿನ ಸೂರನ್ನು ಮುಟ್ಟಿತ್ತು. ಇಷ್ಟು ವರ್ಷ ಮುಖಗಳನ್ನಷ್ಟೇ ನೋಡಿದ್ದೆ.

ಅಂಕಲ್‌ರನ್ನು ಕರೆದೆ. "ಅಂಕಲ್, ಕೋಲಾರದಲ್ಲಿ ಎಷ್ಟು ಸೂರ್ಯ?"

"ತಮಾಷೆನಾ?"

"ಒಂದೇ ತಾನೆ? ಮತ್ತೆ ನೆರಳು ಎರಡು ಹೇಗೆ? ಅದೂ ಮೇಲಕ್ಕೆ ಬಿದ್ದಿದೆ. ಬೆಳಕು ಮೊಣಕಾಲಿನ ಎತ್ತರದಲ್ಲಿತ್ತು."

ಅವರೂ ಸುಲಭಕ್ಕೆ ಬಿಡುವವರಲ್ಲ. "ಸ್ಟುಡಿಯೋದಲ್ಲಿ ಎರಡು ದೀಪ ಇಟ್ಟಿರ್ಬಹುದು. ಹಿಂದೆ ಪೇಂಟ್ ಮಾಡಿದ ಪರದೆ."

"ನೆರಳು ಬಿರುಕಿರೋ ಕಡೆಯೆಲ್ಲ ಮುರಿದಿದೆ ನೋಡಿ. ಪರದೆ ಮೇಲೆ ಹಾಗೆ ಮುರಿಯಲ್ಲ. ಕಲ್ಲೇ ಅದು. ಮೇಲಿನ ಸೂರೂ ಕಲ್ಲೇ."

"ಅವತ್ತು ನೀನೇ ಅಲ್ವೇನಮ್ಮ..."

"ಅವತ್ತು ನಂದು ತಪ್ಪು. ಬೇಕಾದ್ರೆ ಅದನ್ನೂ ಬರ್ಕೊಳ್ಳಿ."

ಅಂಕಲ್ ಕನ್ನಡಕ ಮೇಲೇರಿಸಿ ಬಹಳ ಹೊತ್ತು ಬಗ್ಗಿ ನೋಡಿದರು. ಆಮೇಲೆ ಚೀಟಿಯನ್ನು ಕಿತ್ತು, ಹೊಸ ಕಾಗದ ತೆಗೆದರು. ನನ್ನನ್ನೇ ಸೋಲಿಸಿ ಗೆದ್ದಷ್ಟು ಖುಷಿ ನನಗೆ ಯಾವ ಟೂರ್ನಮೆಂಟಿನಲ್ಲೂ ಸಿಕ್ಕಿರಲಿಲ್ಲ.

ಅಜ್ಜಿ ಆಗಲೇ ಎದ್ದು ಬಂದು ಅವರ ಭುಜದ ಹಿಂದೆ ನಿಂತಿದ್ದರು. "ದಪ್ಪ ಅಕ್ಷರದಲ್ಲಿ ಬರಿಯಪ್ಪ," ಎಂದರು. "ಬಾಗಿಲಿಂದ್ಲೇ ಕಾಣ್ಬೇಕು."