ಡಾಕ್ಟರಮ್ಮನ ತಂಗಿಯ ಹೆರಿಗೆ

ಸರಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ಸವೆಸಿದ ಡಾಕ್ಟರಮ್ಮನಿಗೆ ಎರಡು ವಿಷಯಗಳಲ್ಲಿ ತಮ್ಮ ಮೇಲೆ ತಮಗೇ ಅಪಾರ ಗೌರವ. ಒಂದು ಅವರ ಕೈಗುಣ, ಇನ್ನೊಂದು ಅವರ ನ್ಯಾಯಬುದ್ಧಿ. ಮಂತ್ರಿಯ ಸೊಸೆ ಬಂದರೂ ಮಣ್ಣು ಹೊರುವವಳು ಬಂದರೂ ತಮ್ಮ ವಾರ್ಡಿನಲ್ಲಿ ಒಂದೇ ತಕ್ಕಡಿ ಎನ್ನುತ್ತಿದ್ದರು. ಯಾವ ಮಂತ್ರಿಯ ಸೊಸೆಯೂ ಆ ದಿಕ್ಕಿಗೆ ತಲೆ ಹಾಕಿ ಮಲಗಿದವಳಲ್ಲವಾದ್ದರಿಂದ ತಕ್ಕಡಿಯನ್ನು ಯಾರೂ ಪರೀಕ್ಷಿಸಿರಲಿಲ್ಲ.

ಹೋದ ತಿಂಗಳು ಒಬ್ಬ ಹುಡುಗಿ ಸಮೀಕ್ಷೆಯ ಫಾರಂ ಹಿಡಿದುಕೊಂಡು ಬಂದಿದ್ದಳು. ಹೆರಿಗೆಯ ಹೊತ್ತಿನಲ್ಲಿ ಹೆಂಗಸರನ್ನು ಬೈಯುವುದು, ಹೊಡೆಯುವುದು ನಡೆಯುತ್ತದಂತಲ್ಲ, ಅದರ ಬಗ್ಗೆ ಡಾಕ್ಟರುಗಳ ಅಭಿಪ್ರಾಯ ಬೇಕಿತ್ತು. ಡಾಕ್ಟರಮ್ಮ ಮುಕ್ಕಾಲು ಗಂಟೆ ಅಭಿಪ್ರಾಯ ಕೊಟ್ಟರು.

"ನೋಡಮ್ಮಾ, ಹೊಡೆಯೋದು ಬೇರೆ, ತಟ್ಟೋದು ಬೇರೆ," ಎಂದು ಮೇಜಿನ ಮೇಲೆ ಎರಡನ್ನೂ ಮಾಡಿ ತೋರಿಸಿದರು. ತಟ್ಟಿದ್ದಕ್ಕೂ ಟೀ ಲೋಟ ಉರುಳಿತು. "ಮಗು ತಲೆ ಕಾಣ್ತಿರುವಾಗ ಇವಳು ಕಾಲು ಜೋಡಿಸ್ಕೊಂಡ್ರೆ ಮುದ್ದು ಮಾಡ್ತಾ ಕೂರೋಕಾಗುತ್ತಾ? ಒಂದು ಮಾತು ಗದರ್ತೀವಿ. ಮಗು ಕೈಗೆ ಬಂದ್ಮೇಲೆ ಅವಳೇ ಮರೆತುಬಿಡ್ತಾಳೆ."

"ಮರೆತೆ ಅಂತ ಯಾರಾದ್ರೂ ಹೇಳಿದಾರಾ ಮೇಡಂ?"

"ಇಲ್ಲೀವರೆಗೆ ಒಬ್ಬಳೂ ಕಂಪ್ಲೇಂಟ್ ಕೊಟ್ಟಿಲ್ಲ."

ಇಪ್ಪತ್ತು ಮಂಚ, ಮೂವತ್ತೈದು ಬಸುರಿಯರು, ಮೂವರು ನರ್ಸುಗಳು ಎಂಬುದನ್ನೂ ಡಾಕ್ಟರಮ್ಮ ಬರೆಸಿದರು. ಅದೇನೂ ಸುಳ್ಳಲ್ಲ.

ಅವರ ತಂಗಿಗೆ ಎರಡು ಬಸಿರು ಇಳಿದುಹೋದ ಮೇಲೆ ಮೂವತ್ತಾರನೇ ವಯಸ್ಸಿಗೆ ಮೂರನೆಯದು ನಿಂತಿತ್ತು. "ನೀನಿರೋ ಕಡೇನೇ ಬರ್ತೀನಿ ಅಕ್ಕಾ. ನನ್ನ ತಲೆ ಹತ್ರ ನಿಂತಿರು, ಅಷ್ಟು ಸಾಕು," ಎಂದಿದ್ದಳು.

"ನಿಂತಿರ್ತೀನಿ ಕಣೇ. ಇನ್ನೆಲ್ಲಿಗೆ ಹೋಗ್ಲಿ."

ಆ ಆಸ್ಪತ್ರೆಯಲ್ಲಿ ಒಂದು ವಾಡಿಕೆಯಿತ್ತು. ಡಾಕ್ಟರುಗಳು ತಮ್ಮವರನ್ನು ಸೇರಿಸುವಾಗ ನರ್ಸಮ್ಮನ ಕಿವಿಯಲ್ಲಿ 'ನಮ್ಮವಳು' ಎಂದು ಒಂದು ಮಾತು ಹಾಕುತ್ತಿದ್ದರು. ಆ ಹೆಂಗಸಿನ ಚೀಟಿಯ ಮೂಲೆಯಲ್ಲಿ ಒಂದು ಚುಕ್ಕೆ ಬೀಳುತ್ತಿತ್ತು. ಚುಕ್ಕೆಯವಳಿಗೆ ಒಂಟಿ ಮಂಚ, ಸುತ್ತ ಪರದೆ, ಮಾತಿಗೊಮ್ಮೆ 'ಅಮ್ಮಾ'. ತಂಗಿ ನೋವು ತಿನ್ನುತ್ತಾ ಬಂದಾಗ ಡಾಕ್ಟರಮ್ಮ ಚುಕ್ಕೆ ಹಾಕಿಸಲಿಲ್ಲ. ನ್ಯಾಯಬುದ್ಧಿ ಅಡ್ಡ ಬಂತು. ಹೇಗೂ ತಾವೇ ತಲೆಯ ಬಳಿ ಇರುತ್ತೇವಲ್ಲ ಎಂಬ ಧೈರ್ಯ ಬೇರೆ.

ಹನ್ನೊಂದು ಗಂಟೆಗೆ ಪಕ್ಕದ ಆಪರೇಷನ್ ಕೋಣೆಗೆ, ರಕ್ತ ಸುರಿಯುತ್ತಿದ್ದ ಇನ್ನೊಬ್ಬಳನ್ನು ತಳ್ಳಿಕೊಂಡು ಬಂದರು. ಬೇರೆ ಡಾಕ್ಟರಿರಲಿಲ್ಲ. "ಹತ್ತೇ ನಿಮಿಷ," ಎಂದು ಡಾಕ್ಟರಮ್ಮ ತಂಗಿಯ ಹಿಡಿತದಿಂದ ಬೆರಳು ಬಿಡಿಸಿಕೊಂಡು ಓಡಿದರು. ನರ್ಸಮ್ಮ ಆಗ ಇನ್ನೊಂದು ತುದಿಯ ಹೆರಿಗೆಯಲ್ಲಿದ್ದಳು, ಇದನ್ನು ನೋಡಲಿಲ್ಲ.

ಎರಡು ಕೋಣೆಗಳ ನಡುವೆ ಇದ್ದದ್ದು ಬರೀ ಪ್ಲೈವುಡ್ಡಿನ ಗೋಡೆ. ಅರ್ಧ ಗಂಟೆ ಕಳೆದಿರಬೇಕು, ಅದರಾಚೆಯಿಂದ ನರ್ಸಮ್ಮನ ದನಿ ಬಂತು.

"ಕಾಲು ಅಗಲಿಸೇ. ಬಸುರಾಗುವಾಗ ಇಲ್ಲದ ನಾಚಿಕೆ ಈಗ ಎಲ್ಲಿಂದ ಬಂತು?"

ಈ ಮಾತನ್ನು ಡಾಕ್ಟರಮ್ಮ ಇಪ್ಪತ್ತೆರಡು ವರ್ಷಗಳಿಂದ ಗೋಡೆ ಗಡಿಯಾರದ ಸದ್ದಿನಂತೆ ಕೇಳಿದ್ದರು, ಅಂದರೆ ಕೇಳಿರಲಿಲ್ಲ.

"ಅಕ್ಕನ್ನ ಕರೀರಿ," ಎಂದಿತು ತಂಗಿಯ ದನಿ.

"ನಿಮ್ಮಕ್ಕ ಬಂದು ಹೆತ್ತು ಕೊಡ್ತಾಳಾ?"

ಹಿಂದೆಯೇ ಚಟ್ಟೆಂದು ಒಂದು ಸದ್ದು. ಹೊಡೆದದ್ದೋ ತಟ್ಟಿದ್ದೋ ಗೋಡೆಯ ಈಚೆಗೆ ತಿಳಿಯಲಿಲ್ಲ.

ಡಾಕ್ಟರಮ್ಮನ ಎರಡು ಕೈಗಳೂ ಮೇಜಿನ ಮೇಲಿದ್ದವಳ ಹೊಟ್ಟೆಯೊಳಗೆ ರಕ್ತನಾಳವನ್ನು ಅದುಮಿ ಹಿಡಿದಿದ್ದವು. ಬಿಟ್ಟರೆ ಅವಳಿಲ್ಲ. 'ಅವಳು ನನ್ನ ತಂಗಿ' ಎಂದು ಕೂಗಿದ್ದರೆ ಸಾಕಿತ್ತು, ಆಚೆಯ ದನಿ ಬೆಣ್ಣೆಯಾಗುತ್ತಿತ್ತು. ಬಾಯಿ ತೆರೆದರು ಕೂಡ. ಹೀಗೆ ಕೂಗಬಲ್ಲ ಅಕ್ಕ ಉಳಿದ ಮೂವತ್ತನಾಲ್ಕು ಜನರಲ್ಲಿ ಯಾರಿಗಿದ್ದಾಳೆ ಎಂಬ ಯೋಚನೆ ಅಡ್ಡ ಬಂತೋ, ಇಷ್ಟು ವರ್ಷ ಕಾಪಾಡಿಕೊಂಡ ಮರ್ಯಾದೆಯೇ ಬಾಯಿ ಮುಚ್ಚಿಸಿತೋ, ಅವರಿಗೇ ಗೊತ್ತಾಗಲಿಲ್ಲ. "ದಾರ ಕೊಡಿ," ಎಂದರು.

ಮೇಜಿನ ಮೇಲಿದ್ದವಳು ಉಳಿದಳು. ತಂಗಿಗೆ ಹೆಣ್ಣುಮಗು. ಡಾಕ್ಟರಮ್ಮ ಮೊದಲು ಹೋಗಿ ನರ್ಸಮ್ಮನ ಮುಂದೆ ನಿಂತರು.

"ಚುಕ್ಕೆ ಇರ್ಲಿಲ್ಲ ಮೇಡಂ, ನನಗೇನು ಕನಸು ಬಿದ್ದಿತ್ತಾ?" ಎಂದಳು ನರ್ಸಮ್ಮ. "ನಿನ್ನೆಯಿಂದ ಎರಡು ಪಾಳಿ, ಒಂಬತ್ತು ಹೆರಿಗೆ. ಬೇರೆ ದಿನ ನಾನೇನು ಬೇರೆ ಥರ ಮಾತಾಡ್ತಿದ್ನಾ? ನೀವು ಪಕ್ಕದಲ್ಲೇ ಇರ್ತಿದ್ರಲ್ಲ."

ಬೈಯಲೆಂದು ಹೋದವರು ಅವಳಿಗೆ ನೀರಿನ ಲೋಟ ಕೊಟ್ಟು ವಾಪಸು ಬಂದರು.

ತಂಗಿ ಮಗುವನ್ನು ಎದೆಗೊತ್ತಿಕೊಂಡು ಮಂಚದ ಅರ್ಧದಲ್ಲಿ ಮಲಗಿದ್ದಳು. ಉಳಿದರ್ಧದಲ್ಲಿ ಇನ್ನೂ ಹೆರದ ಒಬ್ಬ ಹುಡುಗಿ ಸೆರಗು ಕಚ್ಚಿಕೊಂಡು ನೋವು ನುಂಗುತ್ತಿದ್ದಳು.

"ಕೇಳಿಸ್ತಾ ಅಕ್ಕಾ?"

"ಕೈ ಬಿಡೋ ಹಾಗಿರ್ಲಿಲ್ಲ ಕಣೇ."

"ಕೈ ಯಾರು ಕೇಳಿದ್ರು. ಬಾಯಿ ಇತ್ತಲ್ಲ."

ಡಾಕ್ಟರಮ್ಮ ಹೊದಿಕೆ ಸರಿಪಡಿಸಿದರು. ಅದು ಸರಿಯಾಗಿಯೇ ಇತ್ತು.

"ಇವಳಕ್ಕ ಬೆಳಗ್ಗೆಯಿಂದ ಬಾಗಿಲ ಹೊರಗೆ ನಿಂತಿದಾಳಂತೆ," ಎಂದಳು ತಂಗಿ. "ಒಳಗೆ ಬಿಡ್ಸು."

"ಬಿಟ್ರೆ ಎಲ್ರನ್ನೂ ಬಿಡ್ಬೇಕು. ನಿಲ್ಲೋಕೆ ಜಾಗ ಎಲ್ಲಿದೆ ಹೇಳು."

ತಂಗಿ ಮಗುವನ್ನೆತ್ತಿಕೊಂಡು ಗೋಡೆಗೆ ಅಂಟಿಕೊಳ್ಳುವಷ್ಟು ಸರಿದಳು. ಮಂಚದ ಮೇಲೆ ಒಂದು ಗೇಣು ಜಾಗವಾಯಿತು. ಡಾಕ್ಟರಮ್ಮ ಅದನ್ನು ನೋಡುತ್ತಾ ನಿಂತಿದ್ದಂತೆಯೇ, ವಾರ್ಡಿನ ಆ ತುದಿಯಲ್ಲಿ ಯಾರನ್ನೋ ಗದರುವ ದನಿ ಎದ್ದಿತು.